ಬೀನ್‌ಐಓ: ಬ್ಯಾಂಕ್ ಫೈಲಿಗೆ ಒಳ್ಳೆಯದು, ಕನ್ನಡ ಹೆಸರು ಬಂದರೆ ಹುಷಾರು

ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಕೊನೆತನಕ ಕಾಯಿಸುವುದಿಲ್ಲ. ಜಾವಾದಲ್ಲಿ ಬ್ಯಾಂಕಿನ ಫಿಕ್ಸೆಡ್ ಲೆಂಗ್ತ್ ಫೈಲ್ ಓದುವ, ಬರೆಯುವ ಕೆಲಸ ನಿಮ್ಮದಾಗಿದ್ದರೆ ಬೀನ್‌ಐಓ (BeanIO) ಅನ್ನುವ ಲೈಬ್ರರಿ ಹಾಕಿಕೊಳ್ಳಿ. ಬರೀ ಸಿಎಸ್‌ವಿ, ಅಂದರೆ ಕಾಮಾ ಹಾಕಿ ಬೇರ್ಪಡಿಸಿದ ಫೈಲ್ ಇದ್ದರೆ ಬೇಡ, ಅಷ್ಟಕ್ಕೆ ಇದು ಜಾಸ್ತಿ ಆಯಿತು. ಫೈಲಿನಲ್ಲಿ ಕನ್ನಡ ಹೆಸರು, ಊರು ಇದ್ದರೂ ಹಾಕಿಕೊಳ್ಳಬಹುದು, ಆದರೆ ಕೆಳಗೆ ಬೈಟ್ ಲೆಕ್ಕದ ಬಗ್ಗೆ ಬರೆದದ್ದನ್ನು ಓದಿಕೊಂಡು ಮುಂದೆ ಹೋಗಿ. 5ಕ್ಕೆ 3.5 ಕೊಡುತ್ತೇನೆ. ಲೈಸೆನ್ಸ್ ಅಪಾಚೆ 2.0, ಹಾಗಾಗಿ ದುಡ್ಡಿನ ಮಾತೇ ಇಲ್ಲ.

ನಮ್ಮದು ಬೆಳಗಾವಿಯ ಟಿಳಕವಾಡಿ ಕಡೆ ಒಂದು ಸಣ್ಣ ಆಫೀಸು. ಕೆಲಸ ಬರುವುದು ಹೆಚ್ಚಾಗಿ ಸಕ್ಕರೆ ಕಾರ್ಖಾನೆಗಳಿಂದ ಮತ್ತು ಪತ್ತಿನ ಸಹಕಾರಿ ಸಂಘಗಳಿಂದ. ಗೋಕಾಕ, ಅಥಣಿ, ರಾಯಬಾಗ, ಆ ಕಡೆ ಮುಧೋಳ, ಜಮಖಂಡಿ ತನಕ ಗಿರಾಕಿಗಳಿದ್ದಾರೆ. ಎಪಿಐ, ಕ್ಲೌಡ್ ಅಂತ ಎಷ್ಟೇ ಮಾತಾಡಿದರೂ ಇಲ್ಲಿ ಡೇಟಾ ಓಡಾಡುವುದು ಈಗಲೂ ಟೆಕ್ಸ್ಟ್ ಫೈಲಿನಲ್ಲೇ. ಕಾಟಾ ಹೊಡೆದ ಮೇಲೆ ತೂಕದ ಲೆಕ್ಕ ಒಂದು ಫೈಲಿನಲ್ಲಿ ಬರುತ್ತದೆ. ಕಬ್ಬಿನ ಬಿಲ್ ಆದ ಮೇಲೆ ರೈತರ ಖಾತೆಗೆ ದುಡ್ಡು ಹಾಕಲು ಬ್ಯಾಂಕಿಗೆ ಇನ್ನೊಂದು ಫೈಲ್ ಹೋಗುತ್ತದೆ. ಕಾರ್ಮಿಕರ ಪಿಎಫ್‌ಗೆ ಒಂದು, ಸಾಗಾಣಿಕೆಯವರ ಟಿಡಿಎಸ್‌ಗೆ ಒಂದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು. ಹಂಗಾಮಿನ ಗಡಿಬಿಡಿಯಲ್ಲಿ ಬ್ಯಾಂಕ್ ಒಂದು ಫೈಲನ್ನು ವಾಪಸ್ ಕಳಿಸಿತು ಅಂದರೆ ರೈತರು ಕಾರ್ಖಾನೆ ಗೇಟಿಗೆ ಬಂದು ನಿಲ್ಲುತ್ತಾರೆ, ಕಾರ್ಖಾನೆಯವರ ಫೋನ್ ನಮಗೆ ಬರುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫಿಕ್ಸೆಡ್ ಲೆಂಗ್ತ್ ಫೈಲಿನಲ್ಲಿ ಅಂಕಣಗಳ ನಡುವೆ ಕಾಮಾ ಇರುವುದಿಲ್ಲ, ಏನೂ ಇರುವುದಿಲ್ಲ, ಯಾವುದಕ್ಕೆ ಎಷ್ಟು ಜಾಗ ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ಉದಾಹರಣೆಗೆ, ಮೊದಲ ಅಕ್ಷರ ಸಾಲಿನ ಜಾತಿ ಹೇಳುತ್ತದೆ, ಎಚ್ ಅಂದರೆ ಹೆಡರ್, ಡಿ ಅಂದರೆ ವಿವರ, ಟಿ ಅಂದರೆ ಟ್ರೈಲರ್, ಕೊನೆಯ ಮೊತ್ತದ ಸಾಲು. ಮುಂದಿನ 16 ಜಾಗ ಖಾತೆ ನಂಬರಿಗೆ, ಅದರ ಮುಂದಿನ 13 ಹಣಕ್ಕೆ, ಆಮೇಲೆ 40 ಹೆಸರಿಗೆ, ಹೀಗೆ. 1,25,750 ರೂಪಾಯಿ 50 ಪೈಸೆ ಅನ್ನುವುದು 0000012575050 ಅಂತ ಕೂತಿರುತ್ತದೆ. ಇಂಥ ಸಾಲನ್ನು ಪ್ರೋಗ್ರಾಮಿನೊಳಗೆ ಒಂದು ಆಬ್ಜೆಕ್ಟ್ ಮಾಡಿಕೊಂಡು, ಕೆಲಸ ಮುಗಿದ ಮೇಲೆ ಆಬ್ಜೆಕ್ಟನ್ನು ಮತ್ತೆ ಇದೇ ತರದ ಸಾಲು ಮಾಡಬೇಕು. ಅಷ್ಟೇ ವಿಷಯ. ಆದರೆ ಈ ಅಷ್ಟರಲ್ಲೇ ನಮ್ಮ ಅರ್ಧ ಹಂಗಾಮು ಹೋಗುತ್ತದೆ!

ಎಲ್ಲರೂ ಶುರು ಮಾಡುವುದು ಸಬ್‌ಸ್ಟ್ರಿಂಗ್‌ನಿಂದ, ಅಂದರೆ ಸಾಲನ್ನು ಇಲ್ಲಿಂದ ಇಲ್ಲಿಗೆ ಅಂತ ಕೋಡಿನಲ್ಲೇ ಕತ್ತರಿಸುವುದರಿಂದ. 1ರಿಂದ 17 ಖಾತೆ, 17ರಿಂದ 30 ಹಣ, 30ರಿಂದ 70 ಹೆಸರು. ಒಂದು ಬ್ಯಾಂಕ್, ಒಂದು ಫೈಲ್ ಇದ್ದರೆ ನಡೆಯುತ್ತದೆ. ನಮ್ಮ ಒಬ್ಬ ಗಿರಾಕಿಗೆ ಬೇರೆ ಬೇರೆ ಬ್ಯಾಂಕುಗಳಲ್ಲಿ ಖಾತೆ ಇವೆ, ಒಂದೊಂದು ಬ್ಯಾಂಕಿನದು ಒಂದೊಂದು ಅಳತೆ. ಅದರಲ್ಲಿ ಒಂದು ಬ್ಯಾಂಕು ಹಂಗಾಮಿನ ನಡುವೆ ಷರಾ ಬರೆಯುವ ಜಾಗಕ್ಕೆ ಎರಡು ಅಕ್ಷರ ಹೆಚ್ಚಿಗೆ ಸೇರಿಸಿತು, ಒಂದು ಮಾತೂ ಹೇಳಲಿಲ್ಲ. ಹಳೆಯ ಕೋಡಿನಲ್ಲಿ ಆ ಅಂಕಿಗಳು ಓದುವ ಕಡೆ ಒಮ್ಮೆ, ಬರೆಯುವ ಕಡೆ ಒಮ್ಮೆ, ರಿಪೋರ್ಟಿನಲ್ಲಿ ಇನ್ನೊಮ್ಮೆ ಚೆಲ್ಲಾಡಿದ್ದವು. ಎಲ್ಲಾ ಕಡೆ ಹುಡುಕಿ ಎರಡೆರಡು ಕೂಡಿಸುತ್ತಾ ಕೂರಬೇಕಾಯಿತು. ಆಮೇಲೆ ಬೀನ್‌ಐಓಗೆ ಬಂದೆವು.

ಇದರ ನಿಜವಾದ ಬೆಲೆ ಮ್ಯಾಪಿಂಗ್ ಫೈಲಿನಲ್ಲಿದೆ. ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ಸ್ಟ್ರೀಮ್ ಅಂತ ಶುರುವಾಗುತ್ತದೆ, ಅದರೊಳಗೆ ರೆಕಾರ್ಡ್, ರೆಕಾರ್ಡಿನೊಳಗೆ ಫೀಲ್ಡ್. ಪ್ರತಿ ಫೀಲ್ಡಿಗೆ ಹೆಸರು, ಉದ್ದ, ಖಾಲಿ ಜಾಗವನ್ನು ಏನು ಹಾಕಿ ತುಂಬಬೇಕು, ಎಡಕ್ಕೆ ಸೇರಿಸಬೇಕೋ ಬಲಕ್ಕೋ, ತಾರೀಖಾದರೆ ಯಾವ ರೂಪ, ಇಷ್ಟು ಬರೆದರೆ ಆಯಿತು. ಇದೇ ವಿವರ ಓದುವಾಗಲೂ ಬಳಕೆಯಾಗುತ್ತದೆ, ಬರೆಯುವಾಗಲೂ ಬಳಕೆಯಾಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದು. ಜಾವಾದ್ದೇ ಇನ್ನೊಂದು ಸಾಧನವಾದ ಸ್ಪ್ರಿಂಗ್ ಬ್ಯಾಚ್‌ನಲ್ಲೂ ಫಿಕ್ಸೆಡ್ ಲೆಂಗ್ತ್ ಓದಬಹುದು, ಆದರೆ ಅಲ್ಲಿ ಓದಲು ಟೋಕನೈಸರ್‌ಗೆ ಒಂದು ಲೆಕ್ಕ ಕೊಡಬೇಕು, ಬರೆಯಲು ಫಾರ್ಮ್ಯಾಟರ್‌ಗೆ ಇನ್ನೊಂದು. ಎರಡು ಕಡೆ ಬರೆದದ್ದು ಎಂದಾದರೂ ಒಂದು ದಿನ ಬೇರೆ ಬೇರೆ ಆಗಿಯೇ ಆಗುತ್ತದೆ.

ಎಕ್ಸ್‌ಎಂಎಲ್ ಅಂದ ತಕ್ಷಣ ಈಗಿನ ಹುಡುಗರು ಮುಖ ಸಿಂಡರಿಸುತ್ತಾರೆ. ಬೀನ್‌ಐಓ 2.1ರಿಂದ ಅನೊಟೇಷನ್ ಕೂಡ ಇದೆ, ಕ್ಲಾಸಿನ ಮೇಲೇ ಎಲ್ಲಾ ಬರೆದುಬಿಡಬಹುದು. ಆದರೂ ನಾನು ಎಕ್ಸ್‌ಎಂಎಲ್ ಕಡೆಯೇ. ನಮ್ಮ ಹತ್ತಿರ ಪಾವತಿ ಅನ್ನುವ ಕ್ಲಾಸ್ ಒಂದೇ ಇದೆ, ಬ್ಯಾಂಕಿಗೆ ಒಂದರಂತೆ ಮ್ಯಾಪಿಂಗ್ ಫೈಲ್ ಇದೆ. ಬ್ಯಾಂಕು ಅಳತೆ ಬದಲಿಸಿದರೆ ಒಂದು ಅಂಕಿ ತಿದ್ದಿ ಫೈಲ್ ಕಳಿಸುತ್ತೇವೆ, ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡುವುದೇ ಇಲ್ಲ. ಜಮಖಂಡಿಯಲ್ಲಿ ಕೂತ ಆಪರೇಟರ್‌ಗೆ ಫೋನಿನಲ್ಲಿ ಹೇಳಿ ತಿದ್ದಿಸಿದ್ದೂ ಉಂಟು. ಅನೊಟೇಷನ್‌ನಲ್ಲಿ ಇದು ಆಗುತ್ತಿರಲಿಲ್ಲ.

ಸಾಲಿನ ಜಾತಿ ಗುರುತಿಸುವುದರಲ್ಲೂ ಇದು ಗಟ್ಟಿ. ಯಾವ ಫೀಲ್ಡ್ ನೋಡಿ ಗುರುತಿಸಬೇಕು ಅಂತ ಹೇಳಿಬಿಟ್ಟರೆ ಎಚ್ ಬಂದಾಗ ಹೆಡರ್ ಆಬ್ಜೆಕ್ಟ್, ಡಿ ಬಂದಾಗ ವಿವರದ ಆಬ್ಜೆಕ್ಟ್ ಕೈಗೆ ಬರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಕಡಿಮೆ ಅಂದರೆ ಎಷ್ಟು ಸಲ, ಹೆಚ್ಚು ಅಂದರೆ ಎಷ್ಟು ಸಲ ಅನ್ನುವುದನ್ನೂ ಹೇಳಬಹುದು. ಟಿಡಿಎಸ್ ಫೈಲ್ ನೋಡಿದವರಿಗೆ ಇದರ ಬೆಲೆ ಗೊತ್ತಿರುತ್ತದೆ. ಅಲ್ಲಿ ಅಂಕಣಗಳ ನಡುವೆ ^ ಗುರುತು ಇರುತ್ತದೆ, ಎಫ್‌ಎಚ್ ಸಾಲು ಫೈಲಿಗೆ, ಬಿಎಚ್ ಬ್ಯಾಚಿಗೆ, ಸಿಡಿ ಚಲನ್‌ಗೆ, ಪ್ರತಿ ಚಲನ್ ಕೆಳಗೆ ಡಿಡಿ ಸಾಲುಗಳು ಅಂದರೆ ಯಾರಿಂದ ಎಷ್ಟು ಹಿಡಿದದ್ದು ಅನ್ನುವ ವಿವರ. ಸಾಲಿನ ಎರಡನೇ ಅಂಕಣದಲ್ಲಿ ಅದರ ಜಾತಿ ಇರುತ್ತದೆ. ಬೀನ್‌ಐಓದಲ್ಲಿ ಗ್ರೂಪ್ ಮಾಡಿ ಅದಕ್ಕೆ ಒಂದು ಕ್ಲಾಸ್ ಕೊಟ್ಟರೆ ಒಂದು ಚಲನ್ ತನ್ನ ಕೆಳಗಿನ ಸಾಲುಗಳ ಸಮೇತ ಒಂದೇ ಆಬ್ಜೆಕ್ಟ್ ಆಗಿ ಬರುತ್ತದೆ. ಕೈಯಲ್ಲಿ ಬರೆದರೆ ಇದಕ್ಕೆ ಒಂದು ರಾಶಿ ಇಫ್ ಎಲ್ಸ್ ಬೇಕು. ಟಿಡಿಎಸ್ ಫೈಲ್ ಪರೀಕ್ಷಿಸುವ ಸರ್ಕಾರಿ ಪ್ರೋಗ್ರಾಮು ಎಫ್‌ವಿಯು ಅಂತೂ ಕೊನೆಗೆ ಹೇಗಿದ್ದರೂ ಓಡಿಸಲೇಬೇಕು, ಆದರೆ ಅದಕ್ಕೆ ಮೊದಲೇ ಅರ್ಧ ತಪ್ಪು ಇಲ್ಲೇ ಸಿಕ್ಕಿಬಿದ್ದರೆ ಲಾಭ ಅಲ್ವಾ.

ತಪ್ಪು ಹಿಡಿಯುವ ರೀತಿಯೂ ಚೆನ್ನಾಗಿದೆ. ಒಂದು ಸಾಲು ಕೆಟ್ಟಿದ್ದರೆ ಇಡೀ ಫೈಲ್ ನಿಲ್ಲಬೇಕು ಅಂತಿಲ್ಲ. ಎರರ್ ಹ್ಯಾಂಡ್ಲರ್ ಬರೆದರೆ ಯಾವ ನಂಬರಿನ ಸಾಲು, ಯಾವ ಫೀಲ್ಡ್, ಏನು ತಕರಾರು, ಆ ಸಾಲಿನ ಮೂಲ ಪಠ್ಯ ಏನು, ಎಲ್ಲಾ ಕೊಡುತ್ತದೆ. ಗುರುತೇ ಸಿಗದ ಸಾಲು, ಬರಬಾರದ ಜಾಗದಲ್ಲಿ ಬಂದ ಸಾಲು, ಒಳಗಿನ ಫೀಲ್ಡ್ ತಪ್ಪಿರುವ ಸಾಲು, ಇವಕ್ಕೆ ಬೇರೆ ಬೇರೆ ಎಕ್ಸೆಪ್ಷನ್ ಇವೆ. ಕಾರ್ಖಾನೆಯ ಲೆಕ್ಕದವರು ನಮ್ಮನ್ನು ಕೇಳುವುದು ಇಷ್ಟೇ: "ಸರ್, ಯಾವ ಸಾಲು ಅಂತ ಹೇಳ್ರಿ ಸಾಕು, ಮುಂದಿನದು ನಾವು ನೋಡ್ಕೋತೀವಿ." ಇನ್ನೂ ಒಂದು ಸಂತೋಷದ ವಿಷಯ ಇದೆ. ತಪ್ಪಿನ ಸಂದೇಶಗಳನ್ನು ರಿಸೋರ್ಸ್ ಬಂಡಲ್‌ನಲ್ಲಿ, ಅಂದರೆ ಕೋಡಿನ ಹೊರಗೆ ಒಂದು ಪ್ರಾಪರ್ಟೀಸ್ ಫೈಲಿನಲ್ಲಿ ಇಡಬಹುದು, ಅಂದರೆ ಕನ್ನಡದಲ್ಲೇ ಬರೆಯಬಹುದು. "ಐಎಫ್‌ಎಸ್‌ಸಿ ಕೋಡ್ 11 ಅಕ್ಷರ ಇರಬೇಕು" ಅಂತ ಪರದೆ ಮೇಲೆ ಕನ್ನಡದಲ್ಲಿ ಬಂದಾಗ ನಮಗೆ ಬರುವ ಫೋನ್ ಕಡಿಮೆಯಾದವು. ಒಂದು ಎಚ್ಚರಿಕೆ: ಜಾವಾ 9ಕ್ಕಿಂತ ಹಳೆಯದು ಇದ್ದರೆ ಪ್ರಾಪರ್ಟೀಸ್ ಫೈಲನ್ನು ಅದು ಯೂಟಿಎಫ್-8 (ಕನ್ನಡ ಸೇರಿ ಎಲ್ಲಾ ಲಿಪಿಯನ್ನೂ ಬೈಟುಗಳಲ್ಲಿ ಇಡುವ ಪದ್ಧತಿ) ಅಂತ ಓದುವುದಿಲ್ಲ, ಕನ್ನಡ ಕೆಟ್ಟುಹೋಗುತ್ತದೆ. ಅಲ್ಲಿ ಪ್ರತಿ ಅಕ್ಷರವನ್ನೂ ಯೂನಿಕೋಡ್ ಎಸ್ಕೇಪ್ ಮಾಡಿಯೇ, ಅಂದರೆ ಅದರ ಸಂಕೇತ ಸಂಖ್ಯೆಯಾಗಿಯೇ ಬರೆಯಬೇಕು.

ಇನ್ನು ಕಿರಿಕಿರಿಗಳು. ಸಣ್ಣದರಿಂದ ಶುರು ಮಾಡೋಣ.

ಬ್ಯಾಂಕಿನವರು ಕೊಡುವ ಕಾಗದದಲ್ಲಿ ಜಾಗಗಳು 1ರಿಂದ ಶುರುವಾಗುತ್ತವೆ. ಬೀನ್‌ಐಓದಲ್ಲಿ 0ಯಿಂದ. ಕಾಗದ ನೋಡಿ ಹಾಗೇ ತುಂಬಿದರೆ ಎಲ್ಲಾ ಒಂದು ಮನೆ ಜರುಗುತ್ತದೆ. ಅದಕ್ಕೆ ಜಾಗದ ಅಂಕಿ ಕೊಡುವ ಗೋಜೇ ಬೇಡ, ಉದ್ದ ಮಾತ್ರ ಕೊಟ್ಟು ಫೀಲ್ಡುಗಳನ್ನು ಸರಿಯಾದ ಸಾಲಿನಲ್ಲಿ ಇಟ್ಟರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಖಾತೆ ನಂಬರ್ ವಿಷಯ ಸ್ವಲ್ಪ ದೊಡ್ಡದು. ಅದನ್ನು ಸಂಖ್ಯೆ ಅಂತ ಇಡಬಾರದು, ಮುಂದಿನ ಸೊನ್ನೆಗಳು ಹೋಗುತ್ತವೆ, ಇದು ಎಲ್ಲರಿಗೂ ಗೊತ್ತು. ಆದರೆ ಸ್ಟ್ರಿಂಗ್ ಅಂತ ಇಟ್ಟು, ಬರೆಯುವಾಗ ಬೇಕು ಅಂತ ಪ್ಯಾಡಿಂಗ್‌ಗೆ, ಅಂದರೆ ಖಾಲಿ ಜಾಗ ತುಂಬಲು, ಸೊನ್ನೆ ಕೊಟ್ಟು ಬಲಕ್ಕೆ ಸೇರಿಸಿದರೂ, ಓದುವಾಗ ಬೀನ್‌ಐಓ ಆ ಸೊನ್ನೆಗಳನ್ನು ಪ್ಯಾಡಿಂಗ್ ಅಂತಲೇ ತಿಳಿದು ಕಿತ್ತುಹಾಕುತ್ತದೆ. ಅದರ ದೃಷ್ಟಿಯಲ್ಲಿ ಅದು ಸರಿ. ಬೇಡ ಅಂದರೆ ಕೀಪ್ ಪ್ಯಾಡಿಂಗ್ ಅನ್ನುವುದನ್ನು ಟ್ರೂ ಮಾಡಬೇಕು. ಡಾಕ್ಯುಮೆಂಟೇಷನ್‌ನಲ್ಲಿ ಇದೆ, ಆದರೆ ದೊಡ್ಡ ಪಟ್ಟಿಯ ನಡುವೆ ಒಂದು ಸಾಲಾಗಿ ಕೂತಿದೆ.

ಪೈಸೆಯದು ಇನ್ನೊಂದು. 0000012575050 ಅಂತ ಬಂದದ್ದು 125750.50 ಆಗಬೇಕು, ಚುಕ್ಕಿ ಫೈಲಿನಲ್ಲಿ ಇಲ್ಲ, ಇದೆ ಅಂತ ತಿಳಿದುಕೊಳ್ಳಬೇಕು. ಬ್ಯಾಂಕ್ ಫೈಲುಗಳಲ್ಲಿ ಇಷ್ಟು ಸಾಮಾನ್ಯವಾದ ಸಂಗತಿಗೆ ಬೀನ್‌ಐಓದಲ್ಲಿ ಸಿದ್ಧವಾದ ಉಪಾಯ ಇಲ್ಲ. ನಾವೇ ಒಂದು ಟೈಪ್ ಹ್ಯಾಂಡ್ಲರ್, ಅಂದರೆ ಫೀಲ್ಡಿನ ಪಠ್ಯವನ್ನು ಮೌಲ್ಯ ಮಾಡಿ ಮತ್ತೆ ಪಠ್ಯ ಮಾಡುವ ಕ್ಲಾಸ್, ಬರೆಯಬೇಕು. ಅದು ಕಷ್ಟವೇನಲ್ಲ, ಮೂರು ಮೆಥಡ್, ಬಿಗ್‌ಡೆಸಿಮಲ್ ತಗೊಂಡು ಚುಕ್ಕಿಯನ್ನು ಎರಡು ಮನೆ ಎಡಕ್ಕೆ ಸರಿಸಿದರೆ ಮುಗಿಯಿತು. ಇದೇ ಕೆಲಸ ಮಾಡುವ ಇನ್ನೊಂದು ಜಾವಾ ಸಾಧನ, ಅಪಾಚೆ ಕ್ಯಾಮೆಲ್‌ನ ಬಿಂಡಿಯಲ್ಲಿ ಇದಕ್ಕೆ ಸಿದ್ಧ ಸ್ವಿಚ್ ಇದೆ. ಆ ಮಟ್ಟಿಗೆ ಬಿಂಡಿ ಮುಂದೆ. ದಯವಿಟ್ಟು ದಶಾಂಶವನ್ನು ಅಂದಾಜಾಗಿ ಇಟ್ಟುಕೊಳ್ಳುವ ಡಬಲ್ ಟೈಪ್ ಮಾತ್ರ ಬಳಸಬೇಡಿ. ಸಾವಿರಾರು ರೈತರ ಬಿಲ್ ಕೂಡಿಸಿದಾಗ ಟ್ರೈಲರ್ ಸಾಲಿನ ಮೊತ್ತಕ್ಕೂ ನಿಮ್ಮ ಮೊತ್ತಕ್ಕೂ ಪೈಸೆ ವ್ಯತ್ಯಾಸ ಬಂದರೆ ಬ್ಯಾಂಕ್ ಇಡೀ ಫೈಲನ್ನೇ ತಳ್ಳಿಹಾಕುತ್ತದೆ.

ಪಿಎಫ್‌ನ ಇಸಿಆರ್ ಫೈಲ್ (ಕಾರ್ಮಿಕರ ತಿಂಗಳ ವಂತಿಗೆಯ ವಿವರ) ಬಂದಾಗ ಬೀನ್‌ಐಓ ಕೈಕೊಟ್ಟಿತು. ಆ ಫೈಲಿನಲ್ಲಿ ಯುಎಎನ್ (ಪಿಎಫ್ ಸದಸ್ಯರ ನಂಬರ್), ಹೆಸರು, ವೇತನ ಅಂತ 11 ಅಂಕಣ ಇವೆ, ಅವುಗಳ ನಡುವೆ #~# ಅಂತ ಮೂರು ಗುರುತು ಸೇರಿ ಒಂದು ಬೇಲಿ. ಹೆಸರಿನೊಳಗೆ ತಪ್ಪಿಯೂ ಬರಬಾರದು ಅಂತ ಯೋಚಿಸಿ ಇಟ್ಟಿದ್ದಾರೆ ಅಂತ ಕಾಣುತ್ತದೆ, ಒಳ್ಳೆಯದೇ. ಆದರೆ ಬೀನ್‌ಐಓದ ಡಿಲಿಮಿಟರ್, ಅಂದರೆ ಅಂಕಣ ಬೇರ್ಪಡಿಸುವ ಗುರುತು, ಒಂದೇ ಒಂದು ಅಕ್ಷರ, ಅದಕ್ಕಿಂತ ಹೆಚ್ಚು ತಗೊಳ್ಳುವುದಿಲ್ಲ. ಸರಿಯಾದ ದಾರಿ ಅಂದರೆ ಸ್ವಂತ ರೆಕಾರ್ಡ್ ಪಾರ್ಸರ್ ಬರೆದು ಸೇರಿಸುವುದು. ಸುಲಭದ ದಾರಿ, ಓದುವ ಮೊದಲು #~# ಇರುವಲ್ಲೆಲ್ಲಾ ಟ್ಯಾಬ್ ಹಾಕುವುದು, ಬರೆದ ಮೇಲೆ ಟ್ಯಾಬನ್ನು ಮತ್ತೆ #~# ಮಾಡುವುದು. ನಮ್ಮ ಆಫೀಸಿನ ಒಬ್ಬ ಹುಡುಗಿ ಮೂರನೇ ದಾರಿ ತೋರಿಸಿದಳು. ಡಿಲಿಮಿಟರ್ # ಅಂತಲೇ ಕೊಡಿ, ಆಗ ಪ್ರತಿ ಎರಡು ನಿಜ ಅಂಕಣದ ನಡುವೆ ~ ಅನ್ನುವ ಒಂದು ಸುಳ್ಳು ಅಂಕಣ ಸಿಗುತ್ತದೆ, 11 ಜೊತೆ 10 ಸೇರಿ 21, ಸುಳ್ಳು ಅಂಕಣಗಳನ್ನು ಬಿಟ್ಟುಬಿಡು ಅಂತ ಮ್ಯಾಪಿಂಗ್‌ನಲ್ಲಿ ಹೇಳಿದರಾಯಿತು. ತಲೆ ಚುರುಕಾಗಿದೆ, ಮೆಚ್ಚಿದೆ. ಆದರೂ ನಾವು ಟ್ಯಾಬ್ ದಾರಿಯನ್ನೇ ಇಟ್ಟುಕೊಂಡೆವು, ಯಾಕೆಂದರೆ ಮುಂದೆ ಹೊಸಬರು ಆ ಮ್ಯಾಪಿಂಗ್ ನೋಡಿದರೆ ಗಾಬರಿಯಾಗುತ್ತಾರೆ.

ಈಗ ಕನ್ನಡದ ವಿಷಯ. ಇದನ್ನು ಬೇರೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಳಗಾವಿ ಅಂತ ಬರೆಯಿರಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಜಾವಾಗೆ ಅದು 7, ಯಾಕೆಂದರೆ ಏತ್ವ, ಕಾಗುಣಿತದ ದೀರ್ಘ, ಗುಡಿಸು ಎಲ್ಲಾ ಅದಕ್ಕೆ ಬೇರೆ ಬೇರೆ. ಯೂಟಿಎಫ್-8 ಫೈಲಿಗೆ ಹೋದರೆ ಒಂದೊಂದಕ್ಕೆ 3 ಬೈಟ್, ಒಟ್ಟು 21. ಈಗ ಊರಿನ ಫೀಲ್ಡಿಗೆ 40 ಜಾಗ ಇದೆ ಅಂದುಕೊಳ್ಳಿ. ಬೀನ್‌ಐಓ ಲೆಕ್ಕ ಹಾಕುವುದು ಜಾವಾದ ಅಕ್ಷರದಲ್ಲಿ, 7 ಹೋಗಿ 33 ಖಾಲಿ ಜಾಗ ತುಂಬುತ್ತದೆ. ಫೈಲಿನಲ್ಲಿ ಆಗುವುದು 21 ಮತ್ತು 33, ಅಂದರೆ 54 ಬೈಟ್. ಎದುರಿನವರ ಪ್ರೋಗ್ರಾಮು ಬೈಟ್ ಎಣಿಸುವಂಥದ್ದಾಗಿದ್ದರೆ, ಹಳೆಯ ಸಿಸ್ಟಮ್‌ಗಳಲ್ಲಿ ಹಾಗೇ ಇರುತ್ತದೆ, ಮುಂದಿನ ಎಲ್ಲಾ ಅಂಕಣಗಳೂ 14 ಬೈಟ್ ಜರುಗಿ ಕೂರುತ್ತವೆ. ಮುಂದಿನ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಊರು ಇದ್ದರೆ ಅದು ಸರಿಯಾಗಿಯೇ ಇರುತ್ತದೆ, ಹಾಗಾಗಿ ಫೈಲ್ ಕೆಲವು ರೈತರಿಗೆ ಸರಿ, ಕೆಲವರಿಗೆ ತಪ್ಪು. ಇಂಥದ್ದನ್ನು ಹುಡುಕುವುದು ಬಹಳ ತಲೆನೋವು. ಬೀನ್‌ಐಓದಲ್ಲಿ ಬೈಟಿನ ಲೆಕ್ಕದಲ್ಲಿ ಉದ್ದ ಕೊಡುವ ಸೌಲಭ್ಯ ಇಲ್ಲ. ನಾವು ಆ ಒಂದು ಫೈಲಿಗೆ ಮಾತ್ರ ಒಂದು ಉಪಾಯ ಮಾಡಿದ್ದೇವೆ. ಬೈಟುಗಳನ್ನು ಐಎಸ್‌ಓ-8859-1 ಅಂತ ಓದಿಸುತ್ತೇವೆ, ಆಗ ಒಂದು ಬೈಟಿಗೆ ಒಂದು ಅಕ್ಷರ ಬರುತ್ತದೆ, ಅಳತೆ ಸರಿಹೋಗುತ್ತದೆ. ಆಮೇಲೆ ಹೆಸರು ಮತ್ತು ಊರಿನ ಫೀಲ್ಡಿಗೆ ಟೈಪ್ ಹ್ಯಾಂಡ್ಲರ್ ಹಾಕಿ ಅಲ್ಲಿ ಯೂಟಿಎಫ್-8 ಮಾಡುತ್ತೇವೆ. ಬರೆಯುವಾಗ ಇದರ ಉಲ್ಟಾ. ನೋಡಲು ಚೆನ್ನಾಗಿಲ್ಲ, ಆದರೆ ಗಟ್ಟಿಯಾಗಿ ನಡೆಯುತ್ತಿದೆ.

ಬಾಗಲಕೋಟೆ ಇನ್ನೂ ಮಜಾ. ಅದರಲ್ಲಿರುವ ಕೋ ಅನ್ನುವಲ್ಲಿ ಓತ್ವ ಮತ್ತು ದೀರ್ಘ ಸೇರಿ ಒಂದೇ ಸಂಕೇತವಾಗಿ ಇರಬಹುದು, ಬಿಡಿಸಿದರೆ ಮೂರು ಸಂಕೇತವೂ ಆಗಬಹುದು. ಎರಡೂ ಯೂನಿಕೋಡ್ ಪ್ರಕಾರ ಸರಿ, ಪರದೆ ಮೇಲೆ ಎರಡೂ ಒಂದೇ ತರ. ಒಂದು ಕಡೆ ಊರು 8 ಅಕ್ಷರ, ಇನ್ನೊಂದು ಕಡೆ 10. ಹೋಲಿಸಿದರೆ ಎರಡು ಬೇರೆ ಊರು ಅನ್ನುತ್ತದೆ ಪ್ರೋಗ್ರಾಮು. ಇದು ಬೀನ್‌ಐಓದ ತಪ್ಪಲ್ಲ, ಆದರೆ ಆಬ್ಜೆಕ್ಟ್ ಆಗುವ ಜಾಗದಲ್ಲೇ ಜಾವಾದ ನಾರ್ಮಲೈಜರ್ ಬಳಸಿ ಎನ್‌ಎಫ್‌ಸಿ, ಅಂದರೆ ಕೂಡಿಸಿದ ರೂಪ ಮಾಡಿಬಿಟ್ಟರೆ ಮುಂದೆ ಕಾಟ ಇಲ್ಲ. ಹಾಗೇ ಉದ್ದದ ಹೆಸರನ್ನು ಕತ್ತರಿಸುವ ಕೆಲಸ ಲೈಬ್ರರಿಗೆ ಬಿಡಬೇಡಿ. ಅದಕ್ಕೆ ಕಾಗುಣಿತ ಗೊತ್ತಿಲ್ಲ, ಕೊನೆಯಲ್ಲಿ ಅರ್ಧ ಅಕ್ಷರ ಉಳಿಯಬಹುದು. ಪೂರ್ತಿ ಅಕ್ಷರದ ಗಡಿ ಹುಡುಕುವ ಜಾವಾದ ಬ್ರೇಕ್‌ಇಟರೇಟರ್ ಬಳಸಿ ನೀವೇ ಕತ್ತರಿಸಿ ಕೊಡಿ.

ಎನ್‌ಕೋಡಿಂಗ್, ಅಂದರೆ ಅಕ್ಷರವನ್ನು ಬೈಟು ಮಾಡುವ ಪದ್ಧತಿ, ಅದರ ಬಗ್ಗೆ ಇನ್ನೊಂದು ಮಾತು. ಜಾವಾ 18, ಅಂದರೆ 2022ರ ತನಕ, ಎನ್‌ಕೋಡಿಂಗ್ ಹೇಳದಿದ್ದರೆ ಜಾವಾ ಆ ಕಂಪ್ಯೂಟರಿನದನ್ನೇ ಹಿಡಿಯುತ್ತಿತ್ತು. ಕಾಟಾ ರೂಮಿನ ಹಳೆಯ ವಿಂಡೋಸ್ ಡಬ್ಬಿಯಲ್ಲಿ ಅದು ಯೂಟಿಎಫ್-8 ಆಗಿರುವುದಿಲ್ಲ. ಹಾಗಾಗಿ ಬೀನ್‌ಐಓಗೆ ಫೈಲನ್ನು ಹಾಗೇ ಕೊಡಬೇಡಿ, ಎನ್‌ಕೋಡಿಂಗ್ ಹೇಳಿ ರೀಡರ್ ಮಾಡಿ ಕೊಡಿ. ನೋಟ್‌ಪ್ಯಾಡಿನಲ್ಲಿ ಬಿಓಎಂ ಸಮೇತ ಸೇವ್ ಮಾಡಿದ ಫೈಲಾದರೆ ಮೊದಲ ಸಾಲಿನ ಮುಂದೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಜಾವಾ ಅದನ್ನು ತೆಗೆಯುವುದಿಲ್ಲ. ಹೆಡರ್ ಸಾಲು ಗುರುತು ಸಿಗುತ್ತಿಲ್ಲ ಅಂತ ಬೀನ್‌ಐಓ ಹಟ ಹಿಡಿದರೆ ಮೊದಲು ಇದನ್ನು ನೋಡಿ.

ಎಕ್ಸೆಲ್ ಬಗ್ಗೆ ಹೇಳದೇ ಇರಲು ಆಗುವುದಿಲ್ಲ. ಯಾರಾದರೂ ಸುಮ್ನೆ ನೋಡೋಣ ಅಂತ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಕಥೆ ಮುಗಿಯಿತು. ಅದು 15 ಅಂಕಿಯ ತನಕ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ, 16 ಅಂಕಿಯ ಖಾತೆ ನಂಬರಿನ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಯಾವ ಲೈಬ್ರರಿಯೂ ಇದನ್ನು ವಾಪಸ್ ತರಲಾರದು.

ವೇಗದ ಬಗ್ಗೆ ದೂರಿಲ್ಲ. ಒಂದೊಂದೇ ರೆಕಾರ್ಡ್ ಓದಿ ಕೊಡುತ್ತದೆ, ಇಡೀ ಫೈಲನ್ನು ಮೆಮೊರಿಗೆ ತುಂಬುವುದಿಲ್ಲ, ಹಾಗಾಗಿ ಹಂಗಾಮಿನ ಪೂರ್ತಿ ತೂಕದ ಲೆಕ್ಕ ಒಂದೇ ಫೈಲಿನಲ್ಲಿ ಬಂದರೂ ಕಾರ್ಖಾನೆಯ ಸಾಧಾರಣ ಸರ್ವರ್ ತಾಳಿಕೊಳ್ಳುತ್ತದೆ.

ಅಂಕ ಕಡಿಮೆ ಕೊಟ್ಟಿದ್ದಕ್ಕೆ ಇನ್ನೊಂದು ಕಾರಣ ಇದರ ವಯಸ್ಸು. ಮೂಲ ಬೀನ್‌ಐಓ 2.1ಕ್ಕೆ ಬಂದು ಬಹಳ ಕಾಲ ನಿಂತೇಹೋಗಿತ್ತು. ಆಮೇಲೆ ಬೇರೆಯವರು ಅದನ್ನು ಎತ್ತಿಕೊಂಡು ಗಿಟ್‌ಹಬ್‌ನಲ್ಲಿ 3ರ ಸಾಲಿನ ಆವೃತ್ತಿಗಳನ್ನು ತರುತ್ತಿದ್ದಾರೆ. ಹೊಸದಾಗಿ ಶುರು ಮಾಡುವವರು ಅದನ್ನೇ ತಗೊಳ್ಳಿ. ಜಾವಾ ಲೈಬ್ರರಿಗಳ ಭಂಡಾರವಾದ ಮಾವೆನ್‌ನಲ್ಲಿ ಎರಡರ ಗ್ರೂಪ್ ಹೆಸರು ಬೇರೆ ಬೇರೆ ಇವೆ, ಹುಡುಕಿದಾಗ ಮೊದಲು ಸಿಗುವುದು ಹಳೆಯದೇ, ಅದನ್ನು ನೋಡಿ ಇದು ಸತ್ತ ಲೈಬ್ರರಿ ಅಂತ ಬಿಟ್ಟುಹೋದವರನ್ನು ನೋಡಿದ್ದೇನೆ.

ಕೆಲಸಕ್ಕೆ ಸೇರುವ ಹೊಸ ಹುಡುಗರು ಕೇಳುತ್ತಾರೆ, ಪೈಥಾನ್‌ನಲ್ಲಿ ಪಾಂಡಾಸ್ ಇದೆಯಲ್ಲ ಸರ್, ಅದರ ರೀಡ್ ಎಫ್‌ಡಬ್ಲ್ಯೂಎಫ್ ಒಂದೇ ಸಾಲಿನಲ್ಲಿ ಓದುತ್ತದೆ ಅಂತ. ಓದುತ್ತದೆ, ಒಪ್ಪಿದೆ. ಟೈಪ್ ಹೇಳದಿದ್ದರೆ ಖಾತೆ ನಂಬರನ್ನು ಸಂಖ್ಯೆ ಮಾಡಿ ಸೊನ್ನೆ ತಿನ್ನುತ್ತದೆ, ಹೆಡರ್, ವಿವರ, ಟ್ರೈಲರ್ ಕಲಸಿದ ಫೈಲಿಗೆ ಅದು ಹೊಂದುವುದಿಲ್ಲ, ಮತ್ತೆ ಅದೇ ಅಳತೆಯಲ್ಲಿ ಬರೆಯುವ ದಾರಿ ನಾವೇ ಮಾಡಿಕೊಳ್ಳಬೇಕು. ಒಮ್ಮೆ ನೋಡಿ ಲೆಕ್ಕ ತೆಗೆಯಲು ಒಳ್ಳೆಯದು. ಸಿಎಸ್‌ವಿ ಮಾತ್ರ ಇರುವವರಿಗೆ ಜಾವಾದಲ್ಲಿ ಓಪನ್‌ಸಿಎಸ್‌ವಿ ಇದೆ, ಜ್ಯಾಕ್ಸನ್‌ನ ಸಿಎಸ್‌ವಿ ಇದೆ, ಎರಡೂ ಇದಕ್ಕಿಂತ ಬೇಗ ಕೈಗೆ ಹತ್ತುತ್ತವೆ.

ವಿಜಯಪುರ ಕಡೆಯ ಕೆಲವು ಸಂಘಗಳ ಸಾಫ್ಟ್‌ವೇರ್ ಇನ್ನೂ ಡಾಟ್‌ನೆಟ್‌ನಲ್ಲಿದೆ, ಅಲ್ಲಿನ ಗೆಳೆಯರು ನಮಗೇನು ಅಂತ ಕೇಳಿದ್ದರು. ನಿಮಗೆ ಫೈಲ್‌ಹೆಲ್ಪರ್ಸ್ ಇದೆ. ಅಲ್ಲಿ ಅಳತೆಯನ್ನು ಕ್ಲಾಸಿನ ಮೇಲೇ ಬರೆಯುವುದು ವಾಡಿಕೆ, ಹಾಗಾಗಿ ಬ್ಯಾಂಕಿಗೊಂದು ಕ್ಲಾಸ್ ಆಗುತ್ತಾ ಹೋಗುತ್ತದೆ, ಅಷ್ಟು ಬಿಟ್ಟರೆ ಚೆನ್ನಾಗಿದೆ. ಆದರೆ ಡಾಟ್‌ನೆಟ್ ಕೂಡ ಜಾವಾದ ಹಾಗೇ ಅಕ್ಷರ ಎಣಿಸುತ್ತದೆ, ಬೆಳಗಾವಿ ಅಲ್ಲೂ 7 ಅಕ್ಷರ, 21 ಬೈಟ್. ಕನ್ನಡ ಹೆಸರಿನ ಫೈಲ್ ಕಳಿಸುವ ಮೊದಲು ಎದುರಿನವರು ಎಣಿಸುವುದು ಅಕ್ಷರವೋ ಬೈಟೋ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ.